ದಿನಕ್ಕೆ ನಾಲ್ಕು ಅಧ್ಯಾಯ: ಮೆಕ್‌ಶೇನ್ ಓದಿನ ಪಟ್ಟಿಯೊಂದಿಗೆ ಮೂರು ವರ್ಷ

ಒಂದು ವರ್ಷದಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ಪೂರ್ತಿ ಓದಿ ಮುಗಿಸಲು ನೆರವಾಗುವ ಪಟ್ಟಿಗಳು ಹತ್ತಾರು ಇವೆ. ಅವುಗಳಲ್ಲಿ ಹಳೆಯದೂ ಹೆಚ್ಚು ಬಳಕೆಯಲ್ಲಿರುವುದೂ ಆದ ರಾಬರ್ಟ್ ಮರೇ ಮೆಕ್‌ಶೇನ್ ಅವರ ಪಟ್ಟಿಯನ್ನು ನಾನು ಮೂರು ವರ್ಷ ಬಳಸಿದ್ದೇನೆ. ಮೊದಲ ವರ್ಷ ಮೇ ತಿಂಗಳಿಗೆ ಕೈಬಿಟ್ಟೆ. ಎರಡನೆಯ ವರ್ಷ ಮುಗಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡೆ, ಆದರೆ ಆ ಮಾತು ಎಷ್ಟು ನಿಜ ಎಂಬುದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ. ಮೂರನೆಯ ವರ್ಷ ನಿಜವಾಗಿಯೂ ಮುಗಿಸಿದೆ. ಈ ಪಟ್ಟಿಯನ್ನು ಹಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಇದರ ರಚನೆ ಹೇಗಿದೆ, ಎಲ್ಲಿ ಕೈಕೊಡುತ್ತದೆ, ಪೂರ್ಣಹೃದಯದಿಂದ ದೇವರನ್ನು ಪ್ರೀತಿಸಬೇಕು ಮತ್ತು ಯಾವ ಗಳಿಗೆಯಲ್ಲಾದರೂ ಸಿದ್ಧರಾಗಿರಬೇಕು ಎಂಬ ಕರೆಗೆ ಇದು ಎಷ್ಟರ ಮಟ್ಟಿಗೆ ಸಹಾಯಕ ಎಂಬುದನ್ನು ನನ್ನ ಅನುಭವದ ಮಿತಿಯಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಪಟ್ಟಿಯ ಹುಟ್ಟಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದನ್ನು ಬಲ್ಲವರು ಈ ಹಾಳೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಮೆಕ್‌ಶೇನ್ ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಸೇಂಟ್ ಪೀಟರ್ಸ್ ಸಭೆಯ ಪಾಲಕರಾಗಿದ್ದರು. 1842ರ ಕೊನೆಯಲ್ಲಿ, ತಮ್ಮ ಸಭೆಯವರೆಲ್ಲರೂ ಒಂದೇ ದಿನ ಒಂದೇ ಭಾಗವನ್ನು ಓದಲಿ ಎಂಬ ಉದ್ದೇಶದಿಂದ, ಇದನ್ನು ಸಿದ್ಧಪಡಿಸಿ ಅವರ ಕೈಗಿತ್ತರು. ಮುಂದಿನ ವರ್ಷದ ಮಾರ್ಚ್ 25ರಂದು, ಊರಲ್ಲಿ ಹಬ್ಬಿದ್ದ ಟೈಫಸ್ ಜ್ವರಕ್ಕೆ ತುತ್ತಾದವರನ್ನು ಕಾಣಲು ಮನೆಮನೆಗೆ ಹೋಗುತ್ತಿದ್ದ ಅವರು ತಾವೇ ಆ ಜ್ವರದಿಂದ ತೀರಿಕೊಂಡರು. ಆಗ ಅವರಿಗೆ 29 ವರ್ಷ. ತಾವೇ ಬರೆದ ಪಟ್ಟಿಯನ್ನು ಅವರು ಒಂದು ಸುತ್ತೂ ಪೂರ್ತಿ ನೋಡಲಿಲ್ಲ. ಮೂರು ತಿಂಗಳು ಕೂಡ ತುಂಬಿರಲಿಲ್ಲ. ಪಟ್ಟಿಯ ಲೆಕ್ಕದಲ್ಲಿ ಆ ದಿನದ ಓದುಗಳಲ್ಲಿ ಒಂದು ಯೋಹಾನ 15ನೇ ಅಧ್ಯಾಯ, ಅಂದರೆ ದ್ರಾಕ್ಷೇಬಳ್ಳಿಯಲ್ಲಿ ನೆಲೆಗೊಂಡಿರುವ ಕೊಂಬೆಯ ಮಾತು. ನಾನು ಇದನ್ನು ಶಕುನವೆಂದು ಹೇಳುತ್ತಿಲ್ಲ. ಆದರೆ ವರ್ಷದ ಕೊನೆಯವರೆಗೆ ದಿನಗಳನ್ನು ಗೊತ್ತುಮಾಡಿಟ್ಟ ಮನುಷ್ಯನಿಗೇ ಆ ವರ್ಷ ಪೂರ್ತಿ ಸಿಗಲಿಲ್ಲ ಎಂಬುದು ತಿಳಿದ ಮೇಲೆ, ‘ನಾಳೆ ಎರಡು ದಿನದ್ದು ಒಟ್ಟಿಗೆ ಓದಿದರಾಯಿತು’ ಎಂದು ಹಾಳೆ ಮಡಚಿಡುವಾಗ ಕೈ ಸ್ವಲ್ಪ ತಡೆಯುತ್ತದೆ.

ಈಗ ರಚನೆ. ಸತ್ಯವೇದದಲ್ಲಿ ಒಟ್ಟು 1,189 ಅಧ್ಯಾಯಗಳಿವೆ: ಹಳೆಯ ಒಡಂಬಡಿಕೆಯಲ್ಲಿ 929, ಹೊಸ ಒಡಂಬಡಿಕೆಯಲ್ಲಿ 260. ಮೆಕ್‌ಶೇನ್ ಪಟ್ಟಿಯಲ್ಲಿ ಹಳೆಯ ಒಡಂಬಡಿಕೆ ಒಂದು ಬಾರಿಯೂ, ಹೊಸ ಒಡಂಬಡಿಕೆ ಮತ್ತು 150 ಕೀರ್ತನೆಗಳು ಎರಡು ಬಾರಿಯೂ ಬರುತ್ತವೆ. ಹೀಗಾಗಿ ಸರಾಸರಿ ಲೆಕ್ಕ ದಿನಕ್ಕೆ ನಾಲ್ಕು ಅಧ್ಯಾಯಕ್ಕಿಂತ ತುಸು ಹೆಚ್ಚಾಗುತ್ತದೆ. ಅವಸರವಿಲ್ಲದೆ ಓದಿದರೆ ನನಗೆ ಅರ್ಧ ಗಂಟೆ ಬೇಕಾಗುತ್ತದೆ; ಉದ್ದನೆಯ ಅಧ್ಯಾಯಗಳು ಒಟ್ಟಿಗೆ ಬಿದ್ದ ದಿನ ಮುಕ್ಕಾಲು ಗಂಟೆ. ನಾಲ್ಕು ಓದುಗಳನ್ನು ಎರಡು ಜೋಡಿಯಾಗಿ ವಿಂಗಡಿಸಲಾಗಿದೆ: ಎರಡು ಕುಟುಂಬ ಪ್ರಾರ್ಥನೆಗೆ, ಎರಡು ಏಕಾಂತಕ್ಕೆ. ಒಂದು ಪುಸ್ತಕ ಮುಗಿದ ಮೇಲೆ ಮತ್ತೊಂದು ಎಂಬ ಸಾಲು ಇಲ್ಲಿಲ್ಲ. ನಾಲ್ಕು ಕಾಲುವೆಗಳಲ್ಲಿ ನೀರು ಏಕಕಾಲಕ್ಕೆ ಹರಿಯುತ್ತದೆ.

ಈ ನಾಲ್ಕು ಕಾಲುವೆಗಳು ಎಲ್ಲಿಂದ ಹೊರಡುತ್ತವೆ ಎಂಬುದರಲ್ಲಿಯೇ ರಚಿಸಿದವರ ಜಾಣ್ಮೆ ಕಾಣುತ್ತದೆ. ಜನವರಿ 1ರಂದು ಆದಿಕಾಂಡ 1, ಮತ್ತಾಯ 1, ಎಜ್ರ 1, ಅಪೊಸ್ತಲರ ಕೃತ್ಯಗಳು 1. ನಾಲ್ಕೂ ಆರಂಭಗಳೇ: ಲೋಕದ ಆರಂಭ, ಕ್ರಿಸ್ತನ ಜನನ, ಸೆರೆಯಿಂದ ಮರಳಿದ ಜನರ ಹೊಸ ಬದುಕು, ಸಭೆಯ ಹುಟ್ಟು. ಡಿಸೆಂಬರ್ 31ರಂದು ಎರಡನೆಯ ಪೂರ್ವಕಾಲವೃತ್ತಾಂತ 36, ಪ್ರಕಟನೆ 22, ಮಲಾಕಿಯ 4, ಯೋಹಾನ 21. ಇವು ನಾಲ್ಕೂ ಕೊನೆಗಳು, ಆದರೆ ಒಂದರಲ್ಲೂ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಪ್ರಕಟನೆಯಲ್ಲಿ ಬೇಗ ಬರುತ್ತೇನೆ ಎಂಬ ಮಾತಿದೆ. ಮಲಾಕಿಯನಲ್ಲಿ ಬರಲಿರುವ ದಿನಕ್ಕೆ ಮುಂಚೆ ಎಲೀಯನನ್ನು ಕಳುಹಿಸುವ ಮಾತಿದೆ. ಯೋಹಾನನಲ್ಲಿ ಪೇತ್ರನು ಮತ್ತೊಬ್ಬ ಶಿಷ್ಯನ ಗತಿ ಏನೆಂದು ಕೇಳಿದಾಗ, ನಾನು ಬರುವ ತನಕ ಅವನು ಇರಬೇಕೆಂದು ನನಗೆ ಮನಸ್ಸಿದ್ದರೆ ಅದು ನಿನಗೇಕೆ, ನೀನು ನನ್ನನ್ನು ಹಿಂಬಾಲಿಸು ಎಂಬ ಉತ್ತರವಿದೆ. ಪೂರ್ವಕಾಲವೃತ್ತಾಂತದ ಕೊನೆಯಲ್ಲಿ ಕೋರೆಷ ರಾಜನ ಪ್ರಕಟಣೆಯಿದೆ, ಅದು ಅರ್ಧ ವಾಕ್ಯದಲ್ಲೇ ನಿಂತಂತೆ ನಿಲ್ಲುತ್ತದೆ. ಮರುದಿನ, ಹೊಸ ವರ್ಷದ ಮೊದಲ ದಿನ, ಎಜ್ರನ ಪುಸ್ತಕ ಅದೇ ಪ್ರಕಟಣೆಯಿಂದ ಶುರುವಾಗುತ್ತದೆ. ಒಬ್ಬ ಓದುಗನಾಗಿ ಮೊದಲ ಎರಡು ವರ್ಷ ನಾನು ಇದನ್ನು ಗಮನಿಸಲೇ ಇಲ್ಲ, ಏಕೆಂದರೆ ಡಿಸೆಂಬರ್ 31ನ್ನು ನಾನು ತಲುಪಿರಲೇ ಇಲ್ಲ, ಅಥವಾ ತಲುಪಿದಂತೆ ನಟಿಸಿದ್ದೆ.

ಪಟ್ಟಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಜನವರಿ 25ರ ಓದಿನಿಂದ. ಆ ದಿನ ಮತ್ತಾಯ 25 ಬರುತ್ತದೆ: ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಮಂದಿ ಕನ್ಯೆಯರ ಸಾಮ್ಯ, ಅಂದರೆ ದೃಷ್ಟಾಂತ ಕಥೆ. ಅವರಲ್ಲಿ ಐವರು ಬುದ್ಧಿವಂತೆಯರು ಪಾತ್ರೆಯಲ್ಲಿ ಎಣ್ಣೆಯನ್ನೂ ತಂದಿದ್ದರು, ಉಳಿದ ಐವರು ತಂದಿರಲಿಲ್ಲ. ಸಿದ್ಧತೆಯ ಕುರಿತು ಸಭೆಗಳಲ್ಲಿ ಎಷ್ಟೋ ಪ್ರಸಂಗಗಳನ್ನು ಕೇಳಿದ್ದ ನಾನು ಈ ಸಾಮ್ಯವನ್ನು ಬಾಯಿಪಾಠ ಬಲ್ಲೆ ಎಂದುಕೊಂಡಿದ್ದೆ. ಆದರೆ ಅದನ್ನು ಆದಿಕಾಂಡ 26, ಎಸ್ತೇರ 2, ಕೃತ್ಯಗಳು 25 ಇವುಗಳ ಪಕ್ಕದಲ್ಲಿಟ್ಟು ಓದಿದಾಗ ಬೇರೆ ಏನೋ ಕಂಡಿತು. ಆದಿಕಾಂಡದಲ್ಲಿ ಇಸಾಕನು ತನ್ನ ತಂದೆ ತೋಡಿಸಿದ್ದ, ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದ ಬಾವಿಗಳನ್ನು ಮತ್ತೆ ತೋಡಿಸುತ್ತಾನೆ. ಎಸ್ತೇರಳು ಒಂದು ಭೇಟಿಗಾಗಿ ಹನ್ನೆರಡು ತಿಂಗಳು ಸಿದ್ಧವಾಗುತ್ತಾಳೆ, ಅದರಲ್ಲಿ ಆರು ತಿಂಗಳು ರಕ್ತಬೋಳದ ತೈಲದಲ್ಲಿಯೇ ಕಳೆಯುತ್ತವೆ. ಅದೇ ಅಧ್ಯಾಯದ ಕೊನೆಯಲ್ಲಿ ಮೊರ್ದೆಕೈ ರಾಜನ ಪ್ರಾಣ ಉಳಿಸುತ್ತಾನೆ, ಆ ಸಂಗತಿ ರಾಜನ ಗ್ರಂಥದಲ್ಲಿ ದಾಖಲಾಗಿ ಸುಮ್ಮನೆ ಬಿದ್ದಿರುತ್ತದೆ. ಅದು ಉಪಯೋಗಕ್ಕೆ ಬರುವುದು ನಾಲ್ಕು ಅಧ್ಯಾಯಗಳ ನಂತರ, ರಾಜನಿಗೆ ನಿದ್ದೆ ಬಾರದ ಒಂದು ರಾತ್ರಿ. ಕೃತ್ಯಗಳಲ್ಲಿ ಪೌಲನು ಎರಡು ವರ್ಷ ಸೆರೆಯಲ್ಲಿದ್ದು, ಹೊಸ ಅಧಿಪತಿಯಾದ ಫೆಸ್ತನು ಕೇಳಿದ ಕೂಡಲೇ ತಡವರಿಸದೆ ಕೈಸರನಿಗೆ ಹೇಳಿಕೊಳ್ಳುತ್ತೇನೆ ಎಂದು ಉತ್ತರ ಕೊಡುತ್ತಾನೆ.

ನಾಲ್ಕು ಕಡೆಯೂ ಒಂದೇ ವಿಷಯ: ಕೈಗೆ ಬೇಕಾದದ್ದು ಬೇಕಾದ ಹೊತ್ತಿಗೆ ಬಹಳ ಮುಂಚೆಯೇ ಸೇರಿಸಿಟ್ಟಿರುವುದು. ಇದನ್ನು ಹಿಡಿದುಕೊಂಡು ಸಾಮ್ಯಕ್ಕೆ ಮರಳಿದಾಗ ಒಂದು ಸಣ್ಣ ವಿವರ ನನ್ನನ್ನು ತಡೆದು ನಿಲ್ಲಿಸಿತು. ಮದಲಿಂಗನು ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ನಿದ್ರೆಹೋದರು. ಬುದ್ಧಿವಂತೆಯರೂ ನಿದ್ರೆ ಮಾಡಿದರು. ಹಾಗಾದರೆ ಸಿದ್ಧತೆ ಎಂದರೆ ಸದಾ ಕಣ್ಣು ತೆರೆದುಕೊಂಡು ಆತಂಕದಿಂದ ಬಾಗಿಲು ನೋಡುತ್ತಿರುವುದಲ್ಲ. ಐವರಿಗೂ ಐವರಿಗೂ ಇದ್ದ ವ್ಯತ್ಯಾಸ ಪಾತ್ರೆಯಲ್ಲಿದ್ದ ಎಣ್ಣೆ ಮಾತ್ರ, ಮತ್ತು ಆ ಎಣ್ಣೆಯನ್ನು ನಡುರಾತ್ರಿಯಲ್ಲಿ ಸಾಲ ಪಡೆಯಲು ಸಾಧ್ಯವಿರಲಿಲ್ಲ. ವರ್ಷಗಟ್ಟಲೆ ನಾನು ಸಿದ್ಧತೆಯನ್ನು ಒಂದು ಬಗೆಯ ಭಾವೋದ್ವೇಗವೆಂದು ತಿಳಿದಿದ್ದೆ. ವಿಶೇಷ ಕೂಟ ಮುಗಿಸಿ ಬಂದ ರಾತ್ರಿಯ ಬಿಸಿಯನ್ನೇ ಸಿದ್ಧತೆ ಎಂದುಕೊಳ್ಳುತ್ತಿದ್ದೆ, ಎರಡು ದಿನಕ್ಕೆ ಅದು ಆರಿದಾಗ ನನ್ನ ಭಕ್ತಿಯೇ ಸುಳ್ಳೇನೋ ಎಂದು ಕುಗ್ಗುತ್ತಿದ್ದೆ. ದಿನವೂ ತುಂಬಿಸಿ, ರಾತ್ರಿ ನೆಮ್ಮದಿಯಾಗಿ ಮಲಗಿ, ಕೂಗು ಕೇಳಿದಾಗ ಎದ್ದು ದೀಪ ಸರಿಮಾಡಿಕೊಳ್ಳುವುದು ಎಂಬ ಅರ್ಥ ಹೊಳೆದದ್ದು ಯಾವ ಪ್ರಸಂಗದಿಂದಲೂ ಅಲ್ಲ, ಪಟ್ಟಿಯು ಈ ನಾಲ್ಕು ಅಧ್ಯಾಯಗಳನ್ನು ಒಂದೇ ಬೆಳಿಗ್ಗೆ ನನ್ನ ಮುಂದಿಟ್ಟದ್ದರಿಂದ. ಎಲ್ಲ ದಿನವೂ ಇಂಥ ಹೊಂದಿಕೆ ಇರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಎಷ್ಟೋ ದಿನ ನಾಲ್ಕು ಅಧ್ಯಾಯಗಳು ಪರಸ್ಪರ ಗುರುತಿಲ್ಲದ ಪ್ರಯಾಣಿಕರಂತೆ ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ, ಅವುಗಳ ನಡುವೆ ಬಲವಂತದ ನಂಟು ಕಲ್ಪಿಸುವುದು ಓದುಗನಿಗೂ ವಾಕ್ಯಕ್ಕೂ ಒಳ್ಳೆಯದಲ್ಲ.

ಬಹುಪಾಲು ಜನರು ಇಂಥ ಪಟ್ಟಿಗಳನ್ನು ಬಿಟ್ಟುಬಿಡುವುದು ಯಾಜಕಕಾಂಡದಲ್ಲಿ ಎಂಬ ಮಾತು ಸಾಮಾನ್ಯ. ಮೆಕ್‌ಶೇನ್ ಪಟ್ಟಿ ಈ ವಿಷಯದಲ್ಲಿ ಬೇರೆ ಪಟ್ಟಿಗಳಿಗಿಂತ ದಯೆಯುಳ್ಳದ್ದು. ಏಪ್ರಿಲ್‌ನಲ್ಲಿ ಯಾಜಕಕಾಂಡ ನಡೆಯುತ್ತಿರುವಾಗಲೇ ಕುಟುಂಬದ ಓದಿನಲ್ಲಿ ಕೀರ್ತನೆಗಳು ಆರಂಭವಾಗಿರುತ್ತವೆ. ಯಜ್ಞದ ಪಶುವಿನ ಕೊಬ್ಬು, ಕುಷ್ಠದ ಲಕ್ಷಣ, ಗೋಡೆಯ ಬೂಷ್ಟು ಎಂದು ಸಾಗುವ ಅಧ್ಯಾಯದ ನಂತರ ಕೀರ್ತನೆಯೊಂದು ಬಂದಾಗ ಉಸಿರು ಹಗುರವಾಗುತ್ತದೆ. ನಾನು ಮೊದಲ ವರ್ಷ ಕೈಬಿಟ್ಟದ್ದು ಯಾಜಕಕಾಂಡದಿಂದಲ್ಲ. ಅದನ್ನು ದಾಟಿದ ಮೇಲೆ, ದಾಟಿದೆ ಎಂಬ ಹೆಮ್ಮೆಯಲ್ಲಿ ನಾಲ್ಕು ದಿನ ರಜೆ ತೆಗೆದುಕೊಂಡೆ, ನಾಲ್ಕು ಹನ್ನೊಂದಾಯಿತು, ಬಾಕಿ ಉಳಿದ ಅಧ್ಯಾಯಗಳ ರಾಶಿ ನೋಡಿ ಧೈರ್ಯ ಹೋಯಿತು.

ಈಗ ಪಟ್ಟಿಯ ದೊಡ್ಡ ದೋಷಕ್ಕೆ ಬರುತ್ತೇನೆ. ಅದು ಓದಿದ್ದಕ್ಕೆ ಗುರುತು ಹಾಕುವ ಚೌಕ. ನನ್ನ ಬಳಿ ಇರುವ ಅಚ್ಚಿನ ಹಾಳೆಯಲ್ಲಿ ಪ್ರತಿ ಓದಿನ ಪಕ್ಕದಲ್ಲಿ ಒಂದು ಪುಟ್ಟ ಚೌಕವಿದೆ. ನೋಡಲು ನಿರುಪದ್ರವಿ. ಆದರೆ ಎರಡನೆಯ ವರ್ಷ ಆ ಚೌಕಗಳು ನನ್ನ ಯಜಮಾನರಾದವು. ಒಂದು ವಾರ ಕೆಲಸದ ಒತ್ತಡದಲ್ಲಿ ಏನೂ ಓದದೆ, ಶನಿವಾರ ಮಧ್ಯಾಹ್ನ ಕುಳಿತು 28 ಓದುಗಳನ್ನು ಒಂದೇ ಸಮನೆ ಮುಗಿಸಿದೆ. ಮುಗಿಸಿದೆ ಎಂದರೆ ಕಣ್ಣು ಸಾಲುಗಳ ಮೇಲೆ ಹರಿಯಿತು, ಕೈ ಚೌಕಗಳನ್ನು ತುಂಬಿತು. ಯೋಬನ ಗೆಳೆಯರಲ್ಲಿ ಯಾರು ಏನು ಹೇಳಿದರು ಎಂದು ಸಂಜೆ ಮಗಳು ಕೇಳಿದಾಗ ಒಂದು ಹೆಸರೂ ನೆನಪಿಗೆ ಬರಲಿಲ್ಲ. ಆ ವರ್ಷದ ಕೊನೆಯ ಎರಡು ತಿಂಗಳುಗಳಲ್ಲಿ ಓದದೆಯೇ ತುಂಬಿದ ಚೌಕಗಳೂ ಇವೆ. ಅವು ಯಾವುವೆಂದು ಹಾಳೆ ಹೇಳುವುದಿಲ್ಲ, ನನಗೆ ಮಾತ್ರ ಗೊತ್ತು. ‘ವರ್ಷದಲ್ಲಿ ಸತ್ಯವೇದ ಮುಗಿಸಿದೆ’ ಎಂದು ಹೊಸ ವರ್ಷದ ಆರಾಧನೆಯಲ್ಲಿ ನಾನು ಸಾಕ್ಷಿ ಹೇಳಿದ್ದೂ ಉಂಟು.

ಫೋನಿನ ಆ್ಯಪ್‌ನಲ್ಲಿ ಈ ರೋಗ ಇನ್ನಷ್ಟು ಉಲ್ಬಣಿಸುತ್ತದೆ. ನಾನು ಬಳಸಿದ ಆ್ಯಪ್‌ನ ಹೆಸರು ಹೇಳುವ ಅಗತ್ಯವಿಲ್ಲ, ಬೇರೆಯವೂ ಹೀಗೆಯೇ ಇರುವುದನ್ನು ಕಂಡಿದ್ದೇನೆ. ಅದರಲ್ಲಿ ಎಷ್ಟು ದಿನ ತಪ್ಪದೆ ಓದಿದ್ದೀರಿ ಎಂಬ ಎಣಿಕೆ ಮೇಲ್ಗಡೆ ದಪ್ಪ ಅಂಕಿಯಲ್ಲಿ ಕಾಣುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಯುತ್ತದೆ. ಎಣಿಕೆ ನೂರು ದಾಟಿದ ಮೇಲೆ, ರಾತ್ರಿ ಹನ್ನೊಂದೂ ಐವತ್ತಕ್ಕೆ ಹಾಸಿಗೆಯಲ್ಲಿ ಎದ್ದು ಕುಳಿತು ನಾಲ್ಕು ಅಧ್ಯಾಯಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದ್ದೇನೆ. ಇದರ ಮೇಲೆ ಓದಿನ ನಡುವೆ ಬೀಳುವ ಬೇರೆ ಆ್ಯಪ್‌ಗಳ ನೋಟಿಫಿಕೇಶನ್‌ಗಳು. ಫೋನಿನ ಅನುಕೂಲವೂ ಇದೆ: ಪ್ರಯಾಣದಲ್ಲಿ ಪುಸ್ತಕ ಬೇಕಿಲ್ಲ, ಧ್ವನಿಯಲ್ಲಿ ಕೇಳಬಹುದು, ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಆದರೂ ಒಬ್ಬರೇ ಕುಳಿತು ಓದುವ ಭಾಗಕ್ಕೆ ಕಾಗದದ ಹಾಳೆ ಮತ್ತು ಕೈಯಲ್ಲಿ ಹಿಡಿಯುವ ಸತ್ಯವೇದವೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಸೋಜಿಗವೆಂದರೆ ಈ ಅಪಾಯವನ್ನು ಪಟ್ಟಿ ಮಾಡಿದವರೇ ಮೊದಲೇ ಕಂಡಿದ್ದರು. ಮೆಕ್‌ಶೇನ್ ತಮ್ಮ ಮುನ್ನುಡಿಯಲ್ಲಿ ಲಾಭಗಳನ್ನು ಹೇಳುವ ಮುಂಚೆ ಅಪಾಯಗಳನ್ನು ಹೇಳಿದ್ದಾರೆ: ಓದು ಬರೀ ಆಚಾರವಾಗಬಹುದು, ಓದಿದ್ದೇವೆಂಬ ಸ್ವನೀತಿಯ ಗರ್ವ ಬರಬಹುದು, ಮುಗಿಸುವ ಅವಸರದಲ್ಲಿ ಓದು ಅಜಾಗರೂಕವಾಗಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು. ನಾಲ್ಕರಲ್ಲಿ ನಾಲ್ಕೂ ನನಗೆ ತಗುಲಿದವು. ಇಂದಿನ ಮುದ್ರಣಗಳಲ್ಲಿ ಮತ್ತು ಆ್ಯಪ್‌ಗಳಲ್ಲಿ ಎಷ್ಟೋ ಸಲ ಆ ಮುನ್ನುಡಿಯನ್ನು ಬಿಟ್ಟು ಬರೀ ಕೋಷ್ಟಕವನ್ನು ಕೊಡುತ್ತಾರೆ. ಔಷಧದ ಜೊತೆಗಿನ ಸೂಚನೆಯ ಚೀಟಿಯನ್ನು ಎಸೆದು ಮಾತ್ರೆಯನ್ನಷ್ಟೇ ಕೈಗೆ ಹಾಕಿದ ಹಾಗೆ ಇದು. ಹಾಳೆ ಕೊಳ್ಳುವವರು ಅಥವಾ ಇಳಿಸಿಕೊಳ್ಳುವವರು ಮುನ್ನುಡಿ ಇರುವ ಮುದ್ರಣವನ್ನೇ ಹುಡುಕಬೇಕೆಂದು ಒತ್ತಿ ಹೇಳುತ್ತೇನೆ.

ಡಿಸೆಂಬರಿನಲ್ಲಿ, ವರ್ಷ ಮುಗಿಯಲು ಹತ್ತು ಹನ್ನೆರಡು ದಿನ ಉಳಿದಿರುವಾಗ, ಎರಡನೆಯ ಪೂರ್ವಕಾಲವೃತ್ತಾಂತದಲ್ಲಿ ಅಮಚ್ಯ ರಾಜನ ಕಥೆ ಬರುತ್ತದೆ. ಅವನು ದೇವರ ದೃಷ್ಟಿಯಲ್ಲಿ ಸರಿಯಾದದ್ದನ್ನೇ ಮಾಡಿದನು, ಆದರೆ ಪೂರ್ಣಹೃದಯದಿಂದ ಮಾಡಲಿಲ್ಲ ಎಂದು ಒಂದೇ ವಾಕ್ಯದಲ್ಲಿ ಅವನ ಜಾತಕ ಮುಗಿಯುತ್ತದೆ. ಅದಕ್ಕೆ ಕೆಲವೇ ದಿನ ಮುಂಚೆ ಪ್ರಕಟನೆಯಲ್ಲಿ ತಣ್ಣಗೂ ಇಲ್ಲದ ಬಿಸಿಯೂ ಇಲ್ಲದ ಲವೊದಿಕೀಯದ ಸಭೆಗೆ ಬರೆದ ಪತ್ರವನ್ನು ಓದಿರುತ್ತೇವೆ. ಮೂರನೆಯ ವರ್ಷ ಈ ಎರಡನ್ನೂ ಓದಿದಾಗ ನನ್ನ ಹಿಂದಿನ ವರ್ಷದ ಹಾಳೆ ನೆನಪಾಯಿತು. ಚೌಕಗಳೆಲ್ಲ ತುಂಬಿದ್ದ ಅಮಚ್ಯನ ಹಾಳೆ ಅದು. ಸರಿಯಾದದ್ದನ್ನೇ ಮಾಡಿದ್ದೆ, ಮೇಲ್ನೋಟಕ್ಕೆ ಏನೂ ಕಡಿಮೆಯಿರಲಿಲ್ಲ. ಪೂರ್ಣಹೃದಯದ ಭಕ್ತಿ ಎಂದರೆ ಹೆಚ್ಚು ಹೊತ್ತು, ಹೆಚ್ಚು ಅಧ್ಯಾಯ, ಹೆಚ್ಚು ಕೂಟ ಎಂದು ಲೆಕ್ಕ ಹಾಕುವವರಿಗೆ ಈ ಪಟ್ಟಿ ಸುಲಭವಾಗಿ ಒಂದು ಹೊಸ ಲೆಕ್ಕದ ಪುಸ್ತಕವಾಗಿಬಿಡುತ್ತದೆ. ಹೃದಯ ಇಡಿಯಾಗಿದೆಯೋ ಹೋಳಾಗಿದೆಯೋ ಎಂಬುದನ್ನು ಅಳೆಯುವ ಅಂಕಣ ಇದರಲ್ಲಿ ಇಲ್ಲ, ಯಾವ ಪಟ್ಟಿಯಲ್ಲೂ ಇರಲು ಸಾಧ್ಯವಿಲ್ಲ.

ಹಾಗಿದ್ದರೂ ಈ ಹಾಳೆಯನ್ನು ನಾನು ಬಿಟ್ಟಿಲ್ಲ. ಕಾರಣ ಹೇಳಲು ಎರಡು ಸಂದರ್ಭಗಳನ್ನು ನೆನೆಯಬೇಕು, ಜೊತೆಗೆ ಅವುಗಳಿಗೆ ವಿರುದ್ಧವಾದ ಒಂದನ್ನೂ.

ಮೊದಲನೆಯದು ಕೆಲಸದ ಜಾಗದಲ್ಲಿ ನಡೆದದ್ದು. ತಡವಾಗಿ ತಲುಪಿದ ಸರಕಿಗೆ ಹಿಂದಿನ ತಾರೀಖು ಹಾಕಿ ರಶೀದಿ ಬರೆದುಕೊಡುವಂತೆ ಮೇಲಿನವರು ಕೇಳಿದರು. ಯಾರಿಗೂ ದೊಡ್ಡ ನಷ್ಟವಿರಲಿಲ್ಲ, ಎಲ್ಲರೂ ಮಾಡುವಂಥದ್ದೇ. ಅದು ಮಾರ್ಚ್ ಕೊನೆಯ ವಾರ. ಎರಡು ದಿನಗಳ ಹಿಂದೆ ಜ್ಞಾನೋಕ್ತಿ 11ರಲ್ಲಿ ಮೋಸದ ತ್ರಾಸನ್ನು ದೇವರು ಅಸಹ್ಯಪಡುತ್ತಾನೆ ಎಂಬ ಮೊದಲ ವಚನವನ್ನು ಓದಿದ್ದೆ. ನನ್ನ ಬಾಯಿಂದ ಆಗುವುದಿಲ್ಲ ಎಂಬ ಮಾತು ನಾನು ಯೋಚಿಸುವ ಮುಂಚೆಯೇ ಹೊರಬಿತ್ತು. ಧೈರ್ಯಶಾಲಿ ಎಂದು ಇದನ್ನು ಹೇಳುತ್ತಿಲ್ಲ. ಯೋಚಿಸಲು ಐದು ನಿಮಿಷ ಸಿಕ್ಕಿದ್ದರೆ ಬಹುಶಃ ಬರೆದುಕೊಡುತ್ತಿದ್ದೆ. ಆ ಹೊತ್ತಿಗೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಆ ವಚನ ಇತ್ತು, ಅಷ್ಟೇ.

ಎರಡನೆಯದು ಜುಲೈ ಮೊದಲ ವಾರದ ಒಂದು ರಾತ್ರಿ. ತಂದೆಯವರನ್ನು ಇದ್ದಕ್ಕಿದ್ದಂತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ತುರ್ತು ನಿಗಾ ಘಟಕದ ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದಾಗ ನನಗೆ ಪ್ರಾರ್ಥನೆಯ ಮಾತುಗಳೇ ಸಿಗಲಿಲ್ಲ. ಇಷ್ಟು ವರ್ಷ ಕೂಟಗಳಲ್ಲಿ ನಿರರ್ಗಳವಾಗಿ ಪ್ರಾರ್ಥಿಸಿದ ಮನುಷ್ಯನಿಗೆ ಒಂದು ವಾಕ್ಯ ಕೂಡಿಸಲು ಆಗಲಿಲ್ಲ. ಕೀರ್ತನೆ 121ನ್ನು ಆ ವಾರದ ಆಸುಪಾಸಿನಲ್ಲಿ ಮನೆಯಲ್ಲಿ ಎಲ್ಲರೂ ಸೇರಿ ಗಟ್ಟಿಯಾಗಿ ಓದಿದ್ದೆವು. ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂಬ ಸಾಲು ಮಾತ್ರ ತಾನಾಗಿ ಬಂತು. ತಾಯಿ ಪಕ್ಕದಲ್ಲಿ ಕುಳಿತಿದ್ದರು. ನಾನು ಅರ್ಧ ಹೇಳಿ ನಿಂತಾಗ ಅವರು ಉಳಿದದ್ದನ್ನು ಹೇಳಿದರು. ಬೆಳಗಿನ ಜಾವದವರೆಗೆ ನಾವಿಬ್ಬರೂ ಸರದಿಯಲ್ಲಿ ಕಣ್ಣು ಮುಚ್ಚಿದೆವು.

ವಿರುದ್ಧವಾದದ್ದು ಇದು: ಅದೇ ವರ್ಷ, ನಾಲ್ಕೂ ಅಧ್ಯಾಯಗಳನ್ನು ನಿಧಾನವಾಗಿ, ಚೌಕದ ಹಂಗಿಲ್ಲದೆ ಓದಿ ಎದ್ದ ಹತ್ತೇ ನಿಮಿಷಕ್ಕೆ ತಮ್ಮನೊಂದಿಗೆ ಫೋನಿನಲ್ಲಿ ಆಸ್ತಿಯ ವಿಷಯಕ್ಕೆ ಜಗಳವಾಡಿ, ಅವನು ತಿಂಗಳುಗಟ್ಟಲೆ ಮಾತು ಬಿಡುವಂಥ ಮಾತೊಂದನ್ನು ಆಡಿದೆ. ಓದು ಚೆನ್ನಾಗಿಯೇ ಆಗಿತ್ತು. ಪಾತ್ರೆಯಲ್ಲಿ ಎಣ್ಣೆ ಇತ್ತು, ದೀಪಕ್ಕೆ ಹಾಕಲಿಲ್ಲ. ಈ ಪಟ್ಟಿಯ ವಿಮರ್ಶೆಯಲ್ಲಿ ಇದನ್ನು ದೋಷವೆಂದು ಎಣಿಸಬಹುದೇ ಎಂದು ಯೋಚಿಸಿದೆ, ಎಣಿಸಲಾಗದು. ಆದರೆ ಪಟ್ಟಿ ಹಿಡಿದ ಮಾತ್ರಕ್ಕೆ ಬದುಕು ತಾನಾಗಿ ಬದಲಾಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ.

ಕುಟುಂಬದ ಅಂಕಣದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರಡು ಅಧ್ಯಾಯ ಒಟ್ಟಿಗೆ ಓದುವುದು ಹೆಚ್ಚಾಗುತ್ತದೆ. ನಮ್ಮ ಮನೆಯಲ್ಲಿ ಸುವಾರ್ತೆಯ ಅಥವಾ ಕೀರ್ತನೆಯ ಭಾಗವನ್ನು ಮಾತ್ರ ಒಟ್ಟಿಗೆ ಓದಿ, ಆದಿಕಾಂಡದಿಂದ ಆರಂಭವಾಗುವ ಭಾಗವನ್ನು ದೊಡ್ಡವರು ಬೇರೆಯಾಗಿ ಓದಿಕೊಳ್ಳುತ್ತೇವೆ. ನ್ಯಾಯಸ್ಥಾಪಕರ ಕೊನೆಯ ಅಧ್ಯಾಯಗಳನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿದವರು ನನ್ನ ಮಾತಿನ ಅರ್ಥ ಬಲ್ಲರು.

ಅಧ್ಯಾಯಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡದ್ದರಿಂದ ಹುಟ್ಟುವ ತೊಂದರೆ ಇನ್ನೊಂದು. ಸತ್ಯವೇದದ ಅಧ್ಯಾಯಗಳ ವಿಂಗಡಣೆ ಮೂಲ ಬರಹಗಾರರದ್ದಲ್ಲ, ಅದು 13ನೇ ಶತಮಾನದಲ್ಲಿ ಬಳಕೆಗೆ ಬಂದದ್ದು. ಕೆಲವು ಕಡೆ ಅದು ಮಾತಿನ ನಡುವೆಯೇ ಕತ್ತರಿ ಹಾಕುತ್ತದೆ. ಯಜಮಾನನು ಬಂದಾಗ ತನ್ನ ಕೆಲಸದಲ್ಲಿಯೇ ಇರುವ ನಂಬಿಗಸ್ತ ಆಳಿನ ಮಾತು ಮತ್ತಾಯ 24ರ ಕೊನೆಗೆ ಬರುತ್ತದೆ, ಕನ್ಯೆಯರ ಸಾಮ್ಯ 25ರ ಆರಂಭಕ್ಕೆ. ಎರಡೂ ಯೇಸುವಿನ ಒಂದೇ ಉಪದೇಶದ ಸರಣಿ. ಪಟ್ಟಿಯ ಪ್ರಕಾರ ಅವು ಎರಡು ಬೇರೆ ದಿನಗಳಿಗೆ ಹಂಚಿಹೋಗುತ್ತವೆ. ಆಳಿನ ಮಾತನ್ನು ಬಿಟ್ಟು ಕನ್ಯೆಯರ ಸಾಮ್ಯವನ್ನಷ್ಟೇ ಓದಿದರೆ ಸಿದ್ಧತೆ ಎಂದರೆ ಕಾಯುವುದು ಮಾತ್ರ ಎಂದು ತೋರಬಹುದು. ಜೊತೆ ಸೇರಿಸಿ ಓದಿದರೆ, ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರ ಕೊಡುವ ನಿತ್ಯದ ಕೆಲಸವೂ ಆ ಸಿದ್ಧತೆಯೇ ಎಂಬುದು ಬಿಟ್ಟುಹೋಗುವುದಿಲ್ಲ. ನಾನು ಈಗ ಜನವರಿ 25ರಂದು ಹಿಂದಿನ ದಿನದ ಕೊನೆಯ ಏಳೆಂಟು ವಚನಗಳಿಂದ ಆರಂಭಿಸುತ್ತೇನೆ. ಏಕಾಂತದ ಓದಿನಲ್ಲಿ ಜುಲೈ ಮಧ್ಯದಲ್ಲಿ ಇದೇ ಅಧ್ಯಾಯ ಎರಡನೆಯ ಬಾರಿ ಬಂದಾಗಲೂ ಹಾಗೆಯೇ ಮಾಡುತ್ತೇನೆ.

ಇನ್ನು ಯಾರಿಗೆ ಇದು ಸೂಕ್ತ ಎಂಬ ಪ್ರಶ್ನೆ. ಸತ್ಯವೇದವನ್ನು ಮೊದಲ ಬಾರಿ ಕೈಗೆತ್ತಿಕೊಂಡವರಿಗೆ ನಾನು ಇದನ್ನು ಕೊಡುವುದಿಲ್ಲ. ದಿನಕ್ಕೆ ನಾಲ್ಕು ಬೇರೆ ಬೇರೆ ಕಾಲ, ಬೇರೆ ಬೇರೆ ನಾಡುಗಳ ನಡುವೆ ಓಡಾಡುವುದು ಅವರನ್ನು ದಿಕ್ಕುತಪ್ಪಿಸುತ್ತದೆ. ಅವರು ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನು ನಿಧಾನವಾಗಿ ಎರಡು ಸಲ ಓದಲಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರಿಗೂ ಕೈಗೂಸಿನ ತಾಯಂದಿರಿಗೂ ಪೂರ್ತಿ ಪಟ್ಟಿ ಮೆಕ್‌ಶೇನ್ ಎಚ್ಚರಿಸಿದ ಆ ನೊಗವೇ ಆಗುತ್ತದೆ. ಅಂಥವರಿಗೆ ಒಂದು ಒಳ್ಳೆಯ ದಾರಿಯಿದೆ, ಬಹಳ ಜನ ಅದನ್ನು ಅನುಸರಿಸುತ್ತಾರೆ: ಮೊದಲ ವರ್ಷ ಕುಟುಂಬದ ಎರಡು ಓದುಗಳು ಮಾತ್ರ, ಮರುವರ್ಷ ಏಕಾಂತದ ಎರಡು. ಪಟ್ಟಿಯ ರಚನೆ ಇದಕ್ಕೆ ತುಂಬ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಎರಡು ಜೋಡಿಗಳಲ್ಲಿಯೂ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಒಂದೊಂದು ಬಾರಿ ಪೂರ್ತಿಯಾಗಿ ಬರುತ್ತವೆ, ಹಳೆಯ ಒಡಂಬಡಿಕೆಯ ಉಳಿದ ಭಾಗ ಎರಡು ವರ್ಷಗಳಿಗೆ ಹಂಚಿಕೆಯಾಗುತ್ತದೆ. ದಿನಕ್ಕೆ ಎರಡೇ ಅಧ್ಯಾಯವಾದಾಗ ಓದಿದ ಮೇಲೆ ಸುಮ್ಮನೆ ಕುಳಿತುಕೊಳ್ಳಲು, ಒಂದು ವಚನವನ್ನು ಪ್ರಾರ್ಥನೆಯಾಗಿ ತಿರುಗಿಸಲು ಸಮಯ ಉಳಿಯುತ್ತದೆ. ಮೂಲ ಪಟ್ಟಿಯಲ್ಲಿ ನನಗೆ ಕೊರತೆಯೆನಿಸಿದ್ದು ಈ ಮೌನವೇ.

ದಿನ ತಪ್ಪಿದರೆ ಏನು ಮಾಡಬೇಕು ಎಂದು ಹಲವರು ಕೇಳುತ್ತಾರೆ. ನನ್ನ ಉತ್ತರ: ಬಾಕಿ ತೀರಿಸಬೇಡಿ. ಇಂದಿನ ತಾರೀಖಿನ ಓದನ್ನು ತೆರೆಯಿರಿ. ತಪ್ಪಿದ ಅಧ್ಯಾಯಗಳು ಹೊಸ ಒಡಂಬಡಿಕೆಯವಾದರೆ ಆ ಪಟ್ಟಿಯಲ್ಲೇ ಇನ್ನೊಮ್ಮೆ ಸಿಗುತ್ತವೆ, ಹಳೆಯ ಒಡಂಬಡಿಕೆಯವಾದರೆ ಮುಂದಿನ ವರ್ಷ. ಮೂರನೆಯ ವರ್ಷ ನಾನು ಈ ನಿಯಮ ಇಟ್ಟುಕೊಂಡೆ. ವರ್ಷದ ಕೊನೆಯಲ್ಲಿ ಒಟ್ಟು 19 ದಿನಗಳು ಖಾಲಿ ಉಳಿದವು, ಅವು ಖಾಲಿಯಾಗಿಯೇ ಇವೆ. ಮೇಲೆ ‘ನಿಜವಾಗಿಯೂ ಮುಗಿಸಿದೆ’ ಎಂದು ಬರೆದದ್ದು ಈ 19ನ್ನು ಬಿಟ್ಟು.

ನಾಲ್ಕನೆಯ ವರ್ಷಕ್ಕೆ ಹಾಳೆಯ ಹೊಸ ಪ್ರತಿಯನ್ನು ನಾನೇ ಟೈಪ್ ಮಾಡಿ ಮುದ್ರಿಸಿಕೊಂಡಿದ್ದೇನೆ. ಚೌಕಗಳನ್ನು ತೆಗೆದುಹಾಕಿದ್ದೇನೆ. ಅವುಗಳ ಜಾಗದಲ್ಲಿ ಪ್ರತಿ ವಾರಕ್ಕೆ ಎರಡು ಬೆರಳಗಲದ ಖಾಲಿ ಸಾಲು ಬಿಟ್ಟಿದ್ದೇನೆ, ಆ ವಾರ ಯಾವ ವಚನ ಯಾವ ಹೊತ್ತಿನಲ್ಲಿ ಕೈಗೆ ಬಂತು ಅಥವಾ ಬರಲಿಲ್ಲ ಎಂದು ಬರೆಯಲು. ಜನವರಿಯ ಮೊದಲ ಸಾಲಿನಲ್ಲಿ ತಮ್ಮನ ಹೆಸರಿದೆ. ಹೊಸ ವರ್ಷದ ದಿನ ಸಂಜೆ ಅವನಿಗೆ ಫೋನ್ ಮಾಡಿದೆ, ಅವನು ಎತ್ತಿಕೊಂಡ.